ಕಾಫಿ ಕಣದ ಐದು ಮನೆಗಳು

ಬರುವ ವಾರ ಎಲುಬಿನ ಗೊಬ್ಬರದ ಲಾರಿ ಬರುತ್ತದೆ, ಮೂಟೆ ಇಳಿಸಲು ಶಾಲೆಯ ಶೆಡ್ಡು ಬೇಕು ಎಂದು ಮ್ಯಾನೇಜರ್ ಹೇಳಿ ಕಳಿಸಿದ ದಿನ ಚಲುವಮ್ಮ ರಾತ್ರಿ ಊಟ ಮಾಡಲಿಲ್ಲ. ಪಕ್ಕದ ಮನೆಯ ಮುತ್ತಿ ಬಾಗಿಲಲ್ಲಿ ನಿಂತು, "ಏನಕ್ಕ, ಗೊಬ್ಬರದ ವಾಸ್ನೆ ಈಗ್ಲೇ ಬಂತಾ?" ಎಂದು ಕೇಳಿದಳು. ಚಲುವಮ್ಮ ನಗಲಿಲ್ಲ.

ಶಾಲೆ ಅಂದರೆ ದೊಡ್ಡದೇನಲ್ಲ. ಸುಂಟಿಕೊಪ್ಪದಿಂದ ಮೂರು ಮೈಲಿ ಒಳಗಿದ್ದ ನೇರಳೆಬಾಣೆ ಎಸ್ಟೇಟಿನಲ್ಲಿ ತಗಡಿನ ಒಂದು ಶೆಡ್ಡು, ಒಂದು ಕರಿಹಲಗೆ, ವಾರಕ್ಕೆ ಮೂರು ಸಂಜೆ. ಕಲಿಸುವವನು ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಸಿದ್ದರಾಜು. ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ ಸಂಸಾರದವನು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು, ಆಮೇಲೆ ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಓದಿ ಓದಿ ತಾನೇ ತನಗೆ ಮೇಷ್ಟ್ರಾದವನು. ಕೊಡಗು ಆಗ ತನ್ನದೇ ರಾಜ್ಯವಾಗಿತ್ತು, ಮಡಿಕೇರಿಯಲ್ಲಿ ತನ್ನದೇ ಅಸೆಂಬ್ಲಿ ಕೂಡುತ್ತಿತ್ತು. ಹಿಂದಿನ ವರ್ಷವಷ್ಟೇ ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಜನರೆಲ್ಲ ಸಾಲಾಗಿ ನಿಂತು ಗುರುತಿನ ಪೆಟ್ಟಿಗೆಗೆ ಓಟು ಹಾಕಿ ಬಂದಿದ್ದರು. "ಓಟು ಹಾಕಿದೋರು ಹೆಬ್ಬೆಟ್ಟು ಒತ್ತಬಾರದು" ಎಂಬ ಒಂದೇ ಹಠದಿಂದ ಸಿದ್ದರಾಜು ಈ ಶಾಲೆ ಶುರುಮಾಡಿದ್ದ.

ಚಲುವಮ್ಮನಿಗೆ ಓಟಿನ ಚಿಂತೆ ಇರಲಿಲ್ಲ. ಅವಳದು ಬಸ್ಸಿನ ಚಿಂತೆ. ಮಗಳು ಚಿನ್ನಿಯನ್ನು ಮೂರ್ನಾಡಿಗೆ ಕೊಟ್ಟಿತ್ತು. ಮೊದಲ ಹೆರಿಗೆಗೆ ಹೇಳಿ ಕಳಿಸಿದಾಗ ಚಲುವಮ್ಮ ಒಬ್ಬಳೇ ಹೊರಟು, ಮಡಿಕೇರಿಯಲ್ಲಿ ಬಸ್ಸು ಬದಲಾಯಿಸುವಾಗ ಯಾವುದನ್ನೋ ಹತ್ತಿ ಭಾಗಮಂಡಲಕ್ಕೆ ಹೋಗಿಬಿಟ್ಟಳು. ಮೂರ್ನಾಡು ಮುಟ್ಟಿದಾಗ ಮಗು ಹುಟ್ಟಿ, ಎಣ್ಣೆನೀರು ಮಾಡಿಸಿಕೊಂಡು ಮಲಗಿತ್ತು. "ಬಾಣಂತಿ ನೋಡಕ್ಕೆ ಹೊರಟೋಳು ತೀರ್ಥಯಾತ್ರೆ ಮುಗಿಸ್ಕಂಡ್ ಬಂದ್ಲು" ಎಂದು ಲೈನಿನವರು ಎರಡು ವರ್ಷ ನಕ್ಕಿದ್ದರು. ಈಗ ಚಿನ್ನಿಗೆ ಮತ್ತೆ ಏಳು ತಿಂಗಳು. ಚಲುವಮ್ಮ ಅರ್ಧ ಅಕ್ಷರ ಕಲಿತಿದ್ದಳು. ಇನ್ನೆರಡು ತಿಂಗಳು ಶಾಲೆ ಇದ್ದರೆ ಬೋರ್ಡು ಓದಬಹುದು, ಯಾರನ್ನೂ ಕೇಳದೆ. ಅಷ್ಟೇ ಅವಳ ಆಸೆ.

ಮ್ಯಾನೇಜರ್ ಕುಟ್ಟಯ್ಯ ಕೆಟ್ಟವರಲ್ಲ. ಸೈನ್ಯದ ಪಟಾಳಮಿನಲ್ಲಿ ಇದ್ದು ಬಂದವರು, ಮಾತು ಕಡಿಮೆ. ಸಿದ್ದರಾಜು ಬಂಗಲೆಗೆ ಹೋಗಿ ಕೈಮುಗಿದು ನಿಂತಾಗ ಅವರು ಹೇಳಿದ್ದು ಇಷ್ಟು: "ರೈಟರೇ, ಒಂದು ವರ್ಷ ಆಯ್ತು. ಅವರ ತಲೆಗೆ ಹತ್ತುದಿಲ್ಲ. ಗೊಬ್ಬರ ನೆಂದರೆ ನನ್ನ ತಲೆ ಹೋಗ್ತದೆ."

ಅದಕ್ಕೆ ಸಿದ್ದರಾಜು ಏನು ಹೇಳಿದ ಗೊತ್ತೇ? "ಸಾರ್, ಹೊರದೇಶದಲ್ಲಿ ಈಗ ಹೊಸದಾಗಿ ಲೆಕ್ಕದ ಯಂತ್ರ ಮಾಡವ್ರಲ್ಲ, ಕೋಣೆ ತುಂಬ ಇರ್ತದಲ್ಲ, ಆ ಯಂತ್ರ ಮಾಡೋ ಕೆಲಸಾನ ನಮ್ಮ ಲೈನಿನ ಐದು ಜನ ಮಾಡಿ ತೋರಿಸ್ತಾರೆ. ಬಂದು ನೋಡಿ. ನೋಡಿದ್ಮೇಲೆ ಶೆಡ್ಡಿನ ಮಾತು."

ಕುಟ್ಟಯ್ಯ ಪೈಪು ಬಾಯಿಂದ ತೆಗೆದು ಅವನನ್ನೇ ನೋಡಿದರು. "ರಜೆ ದಿನ ಬೆಳಿಗ್ಗೆ ಬರ್ತೇನೆ" ಅಂದರು.

ಈ ಯಂತ್ರದ ಸಂಗತಿ ಸಿದ್ದರಾಜುವಿಗೆ ಸಿಕ್ಕಿದ್ದು ಬಂಗಲೆಯಿಂದ ರದ್ದಿಗೆ ಬಂದ ಇಂಗ್ಲಿಷ್ ಚಿತ್ರಪತ್ರಿಕೆಯೊಂದರಲ್ಲಿ. ಡಿಕ್ಷನರಿ ಇಟ್ಟುಕೊಂಡು ಒಂದು ತಿಂಗಳು ಕುಸ್ತಿ ಹಿಡಿದಿದ್ದ. ಪತ್ರಿಕೆಯಲ್ಲಿದ್ದದ್ದು ಐದು ಚೌಕ, ನಡುವೆ ಒಂದಷ್ಟು ಬಾಣ. ಅದನ್ನೇ ಅವನು ಖಾಲಿ ಬಿದ್ದಿದ್ದ ಕಾಫಿ ಕಣದ ಮೇಲೆ ಸುಣ್ಣದ ಪುಡಿಯಲ್ಲಿ ಬರೆದ. ಅದು ಏಪ್ರಿಲ್ ತಿಂಗಳು, ಹಣ್ಣು ಕೊಯ್ಯುವ ಪಿಕ್ಕಿಂಗ್ ಮುಗಿದು ಕಣದಲ್ಲಿ ಒಂದು ಬೀಜವೂ ಇರಲಿಲ್ಲ.

"ಐದು ಮನೆ ಕಣ್ರಪ್ಪ" ಎಂದು ಅವನು ವಿವರಿಸಿದ. "ಒಂದು ಒಳಬಾಗಿಲು. ಲೆಕ್ಕ ಅಲ್ಲಿಂದ ಒಳಗೆ ಬರ್ತದೆ, ಅಲ್ಲಿ ಮುತ್ತಿ. ಎರಡನೇದು ಉಗ್ರಾಣ. ಬಂದಿದ್ದು, ಆಗಿದ್ದು, ಮುಂದೆ ಮಾಡಬೇಕಾದ್ದು, ಎಲ್ಲಾ ಅಲ್ಲೇ ಇರಬೇಕು. ಅಲ್ಲಿ ಚಲುವಮ್ಮ. ಮೂರನೇದು ಲೆಕ್ಕದ ಕಟ್ಟೆ. ಕೂಡೋದು ಕಳೆಯೋದು ಅಲ್ಲಿ ಮಾತ್ರ, ಬೇರೆಲ್ಲೂ ಇಲ್ಲ. ಅಲ್ಲಿ ಕರಿಯ. ನಾಲ್ಕನೇದು ಮೇಸ್ತ್ರಿ ಮನೆ, ಮಾಯಿಲಪ್ಪಣ್ಣ. ಐದನೇದು ಹೊರಬಾಗಿಲು, ಉತ್ತರ ಕೂಗೋದು, ಜವರ."

"ನಾನ್ ಏನು ಲೆಕ್ಕ ಕಲಿಬೇಕು?" ಎಂದ ಕರಿಯ. ಅವನು ಬಾವಿ ತೋಡುವವನು, ಲೆಕ್ಕ ಅಂದರೆ ಜ್ವರ ಬಂದಂತೆ ಆಡುತ್ತಿದ್ದ.

"ಏನೂ ಬೇಡ. ಎರಡು ಕಡೆಯಿಂದ ಕಾಳು ಬರ್ತದೆ, ಒಟ್ಟಿಗೆ ಸುರಿ. ಹತ್ತು ಅವರೆಕಾಳು ಆದರೆ ಅದನ್ನ ತೆಗೆದು ಒಂದು ಹಲಸಿನ ಬೀಜ ಇಡು. ಮುಗೀತು."

"ಯಾಕೆ ಅಂತ ಕೇಳ್‌ಬಾರ್ದಾ?"

"ಕೇಳಬಾರದು. ಯಂತ್ರ ಕೇಳಲ್ಲ."

ಮಾಡಬೇಕಾದ ಕೆಲಸವನ್ನು ಸಿದ್ದರಾಜು ಸೋಪಿನ ರಟ್ಟುಗಳ ಮೇಲೆ ಒಂದೊಂದಾಗಿ ಬರೆದು ಚಿತ್ರ ಬಿಡಿಸಿ, ಚಲುವಮ್ಮನ ಉಗ್ರಾಣದಲ್ಲೇ ಹಗ್ಗಕ್ಕೆ ಸಾಲಾಗಿ ತೂಗುಹಾಕಿದ. ಕಾಳೂ ಅಲ್ಲೇ, ಕೆಲಸದ ರಟ್ಟೂ ಅಲ್ಲೇ. ಅದೇ ಈ ಯಂತ್ರದ ಗುಟ್ಟು ಎಂದು ಅವನು ಎರಡು ಸಲ ಹೇಳಿದ. ಮಾಯಿಲಪ್ಪ ಬಂದು ಒಂದು ರಟ್ಟು ತೆಗೆದುಕೊಳ್ಳುವುದು, ಅದರಲ್ಲಿದ್ದಂತೆ ಸೀಟಿ ಹೊಡೆದು ಕೈತೋರಿಸಿ ಮಾಡಿಸುವುದು, ವಾಪಸು ತೂಗುಹಾಕಿ ಮುಂದಿನದನ್ನು ತೆಗೆಯುವುದು. ಚಲುವಮ್ಮನ ಮುಂದೆ ಮೂರು ತೆಂಗಿನ ಚಿಪ್ಪು, ಕೆಂಪು, ಹಸಿರು, ಬಿಳಿ ಬಟ್ಟೆ ಕಟ್ಟಿದವು. ಇಪ್ಪತ್ತಮೂರನ್ನು ನಾಲ್ಕು ಸಲ ಕೂಡಬೇಕು ಅನ್ನಿ. ಕೆಂಪಿನಲ್ಲಿ ಇಪ್ಪತ್ತಮೂರು. ಬಿಳಿಯಲ್ಲಿ ನಾಲ್ಕು, ಎಷ್ಟು ಸಲ ಅನ್ನುವುದಕ್ಕೆ. ಹಸಿರು ಖಾಲಿ, ಉತ್ತರ ಬೆಳೆಯುವುದು ಅದರಲ್ಲಿ. ಪ್ರತಿ ಸುತ್ತಿಗೂ ಕೆಂಪಿನಲ್ಲಿ ಇದ್ದಷ್ಟೇ ಕಾಳನ್ನು ಪಕ್ಕದಲ್ಲಿಟ್ಟ ಅವರೆಯ ಮೂಟೆಯಿಂದ ಎಣಿಸಿ ಕರಿಯನಿಗೆ ಕೊಡಬೇಕು, ಹಸಿರಿನಲ್ಲಿದ್ದದ್ದನ್ನೂ ಕೊಡಬೇಕು. ಅವನು ಕೂಡಿ ಕೊಟ್ಟದ್ದನ್ನು ಹಸಿರಿಗೇ ಹಾಕಬೇಕು. ಆಮೇಲೆ ಬಿಳಿಯಿಂದ ಒಂದು ಕಾಳು ತೆಗೆಯಬೇಕು. ಕೊನೆಗೆ ಮಾಯಿಲಪ್ಪ ಕೇಳುತ್ತಾನೆ: ಬಿಳಿಯಲ್ಲಿ ಇದೆಯಾ? "ಇದೆ" ಅಂದರೆ ಅವನು ಮೊದಲ ರಟ್ಟಿಗೆ ಹಿಂದಿರುಗುತ್ತಾನೆ. "ಇಲ್ಲ" ಅಂದರೆ ಕೊನೆಯ ರಟ್ಟು ತೆಗೆದು ಹಸಿರನ್ನು ಜವರನಿಗೆ ಕಳಿಸುತ್ತಾನೆ.

"ಇಷ್ಟೇನಾ?" ಎಂದಿದ್ದಳು ಚಲುವಮ್ಮ. "ಹುಡುಗೀರು ಅಳಗುಳಿ ಮಣೆ ಆಡೋದು ಇದಕ್ಕಿಂತ ಕಷ್ಟ."

ರಜೆಯ ದಿನ ಬೆಳಿಗ್ಗೆ ಕುಟ್ಟಯ್ಯ ಬಂದು ಗೋದಾಮಿನ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡರು. ಸಂತೆಗೆ ಹೊರಟಿದ್ದ ಲೈನಿನವರೆಲ್ಲ ಚೀಲ ಕಂಕುಳಲ್ಲಿಟ್ಟುಕೊಂಡೇ ಸುತ್ತ ನಿಂತರು. ಇಪ್ಪತ್ತಮೂರು, ನಾಲ್ಕು ಸಲ. ಮಾಯಿಲಪ್ಪನ ಸೀಟಿ, ಕರಿಯನ ತಟ್ಟೆಯ ಸದ್ದು, ಮುತ್ತಿಯ ಓಡಾಟ. ನಾಲ್ಕನೇ ಸುತ್ತು ಮುಗಿದು ಚಲುವಮ್ಮ "ಇಲ್ಲ" ಎಂದಳು. ಜವರ ಚಿಪ್ಪನ್ನು ತೆಗೆದುಕೊಂಡು ಎಣಿಸಿ, ಎದೆಯುಬ್ಬಿಸಿ ಕೂಗಿದ: "ಒಂಬತ್ತು ಹಲಸು, ಎರಡು ಅವರೆ."

"ನೈಂಟಿ ಟೂ" ಎಂದರು ಕುಟ್ಟಯ್ಯ. ಸರಿಯಾಗಿತ್ತು. ಅವರು ಕರಿಯನನ್ನು ಕರೆದರು. "ನೀನು ಈಗ ಎಂತ ಲೆಕ್ಕ ಮಾಡಿದ್ದು?"

"ಗೊತ್ತಿಲ್ಲ ಸಾಮಿ. ಸುರಿ ಅಂದ್ರು, ಸುರಿದೆ."

"ನೀನು, ಚಲುವಿ?"

"ಕೊಡು ಅಂದ್ರು, ಕೊಟ್ಟೆ ಸಾಮಿ."

ಕುಟ್ಟಯ್ಯ ಸಿದ್ದರಾಜುವಿನ ಕಡೆ ತಿರುಗಿದರು. ಗೆದ್ದ ದನಿಯಲ್ಲ, ನಿಜವಾಗಿಯೂ ಯೋಚನೆಗೆ ಬಿದ್ದವರ ದನಿ. "ಒಳ್ಳೇದೇ ತೋರಿಸಿದಿರಿ ರೈಟರೇ. ಒಬ್ಬರಿಗೂ ಏನೂ ಗೊತ್ತಿಲ್ಲ, ಆದರೂ ಉತ್ತರ ಬಂತು. ಹಂಗಾದರೆ ಇವರಿಗೆ ಕಲಿಸುದು ಯಾಕೆ? ರಟ್ಟು ಬರಿಯುವವ ಒಬ್ಬ ಇದ್ದರೆ ಸಾಕಲ್ಲ."

ಚಲುವಮ್ಮ ಸಿದ್ದರಾಜುವಿನ ಮುಖ ನೋಡಿದಳು. ಒಂದು ತಿಂಗಳಿಂದ ಈ ಮನುಷ್ಯ ಹಗ್ಗ ಹೊಸೆದಿದ್ದು ತನ್ನ ಕಾಲಿಗೇ ಕಟ್ಟಿಕೊಳ್ಳುವುದಕ್ಕೆ ಅನ್ನುವಂತಿತ್ತು. ಬಸ್ಸು, ಬೋರ್ಡು, ಚಿನ್ನಿ, ಎಲ್ಲ ಅವಳ ಕಣ್ಣೆದುರು ಒಮ್ಮೆ ಬಂದು ಹೋಯಿತು.

"ಇನ್ನೊಂದು ಸಲ ನೋಡುವ" ಎಂದರು ಕುಟ್ಟಯ್ಯ. "ಈ ಚಿಪ್ಪು ಇಲ್ಲಿಂದ ಕಾಣುದಿಲ್ಲ. ದೊಡ್ಡ ಪಾತ್ರೆ ತರಲಿ. ಮತ್ತೆ ನೀವು ಅಲ್ಲಿ ಸುತ್ತುದು ಬೇಡ. ಇಲ್ಲಿ ನನ್ನ ಪಕ್ಕ ಕೂರಿ, ಬಾಯಿ ಬಿಡಬಾರದು. ಹದಿನಾಲ್ಕು, ಐದು ಸಲ."

ಮುತ್ತಿ ಓಡಿಹೋಗಿ ಹಿಂದಿನ ಸಂತೆಯಲ್ಲಿ ಕೊಂಡು ಇನ್ನೂ ಒಲೆ ಕಾಣಿಸದ ಎರಡು ಹೊಸ ಕುಡಿಕೆ ತಂದಳು. ಅವು ಕೆಂಪು ಮತ್ತು ಹಸಿರಿಗೆ. ಬಿಳಿಯದಕ್ಕೆ ಚಲುವಮ್ಮ ತನ್ನ ಮನೆಯ ಅವರೆಕಾಳಿನ ಕುಡಿಕೆಯನ್ನೇ ತಂದು, ಕಾಳನ್ನು ಮೊರಕ್ಕೆ ಸುರಿದು, ಐದನ್ನು ಉಳಿಸಿಕೊಂಡು, ಬಿಳಿ ಬಟ್ಟೆ ಕಟ್ಟಿದಳು. ಅತ್ತೆಯ ಕಾಲದ ಕುಡಿಕೆ ಅದು, ಹೊಗೆ ಹಿಡಿದು ಕಪ್ಪಗೆ ಹೊಳೆಯುತ್ತಿತ್ತು.

ಸೀಟಿ. ಹದಿನಾಲ್ಕು. ಮತ್ತೆ ಸೀಟಿ. ಇಪ್ಪತ್ತೆಂಟು, ನಲವತ್ತೆರಡು, ಐವತ್ತಾರು. ಈ ಅಂಕಿಗಳು ಜಗಲಿಯಲ್ಲಿ ಕೂತು ಬೆರಳು ಮಡಿಸುತ್ತಿದ್ದ ಸಿದ್ದರಾಜುವಿಗೆ ಗೊತ್ತು. ಕಣದಲ್ಲಿದ್ದವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಐದನೇ ಸುತ್ತು. ಬಿಳಿ ಕುಡಿಕೆಗೆ ಕೈಹಾಕಿ ಚಲುವಮ್ಮ ಕಾಳು ತೆಗೆದಳು.

"ಬಿಳಿಯಲ್ಲಿ ಇದೆಯಾ?" ಎಂದ ಮಾಯಿಲಪ್ಪ.

ಅವಳು ಬಗ್ಗಿ ನೋಡಿದಳು. "ಇದೆ."

ಮಾಯಿಲಪ್ಪ ಮೊದಲ ರಟ್ಟಿಗೆ ಹೋದ. ಆರನೇ ಸುತ್ತು. "ಇದೆಯಾ?" "ಇದೆ." ಏಳನೇ ಸುತ್ತು. ಕರಿಯನ ತಟ್ಟೆ ಭಾರವಾಗುತ್ತ ಹೋಯಿತು, ಹಲಸಿನ ಬೀಜ ಒಂದೊಂದೇ ಏರಿತು. ನಿಂತು ನೋಡುತ್ತಿದ್ದವರಲ್ಲಿ ಯಾರೋ, "ಇದು ನಿಲ್ಲೋದ್ರೊಳಗೆ ಸಂತೆ ಎದ್ದೋಯ್ತದೆ" ಅಂದರು. ಇನ್ನೊಬ್ಬರು, "ನಿಲ್ಸೋ ರಟ್ಟು ಬರಿಯೋದು ಮರ್ತವ್ರೆ ರೈಟ್ರು" ಅಂದರು. ಜಗಲಿಯ ಮೇಲೆ ಸಿದ್ದರಾಜು ಅರ್ಧ ಎದ್ದ. ಕುಟ್ಟಯ್ಯ ಅವನ ತೋಳು ಹಿಡಿದು ಕೂರಿಸಿದರು.

ಸುಣ್ಣದ ಗೆರೆಯ ಒಳಗಿದ್ದವರಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಕರಿಯ ಸುರಿಯುತ್ತಿದ್ದ, ಮಾಯಿಲಪ್ಪ ಊದುತ್ತಿದ್ದ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಒಂದು ಕೂದಲೂ ತಪ್ಪದೆ ಮಾಡುತ್ತಿದ್ದರು, ಕೆಲಸ ಮಾತ್ರ ತಪ್ಪುತ್ತಿತ್ತು. ಚಲುವಮ್ಮನಿಗೂ ತಾನು ಸುಳ್ಳು ಹೇಳುತ್ತಿದ್ದೇನೆ ಎಂಬ ಭಾವನೆ ಇರಲಿಲ್ಲ. ಕುಡಿಕೆಯಲ್ಲಿ ಕಾಳು ಇತ್ತು, ಇದೆ ಅಂದಳು.

ಎಂಟನೇ ಸುತ್ತಿನಲ್ಲಿ ತೆಗೆಯಹೋದ ಕಾಳು ಅವಳ ಕಣ್ಣಿಗೆ ಬಿತ್ತು. ಹುಳ ಕೊರೆದ ಸಣ್ಣ ತೂತೊಂದು ಅದರ ಹೊಟ್ಟೆಯಲ್ಲಿತ್ತು. ಹೋದ ಸುತ್ತಿನಲ್ಲೂ ಹುಳುಕು ಕಾಳೇ ಬಂದಿತ್ತಲ್ಲ? ಅದರ ಹಿಂದಿನ ಸುತ್ತಿನಲ್ಲೂ? ನೋಡನೋಡುತ್ತಿದ್ದಂತೆ ಅವಳ ಕೈ ಆ ಕಾಳನ್ನು ಕುಡಿಕೆಯಿಂದ ಮೇಲೆತ್ತಿತು, ಅಂಚಿನ ತನಕ ತಂದಿತು, ಮೆಲ್ಲಗೆ ವಾಪಸು ಒಳಗೆ ಬಿಟ್ಟಿತು.

ಅವಳು ತನ್ನ ಕೈಯನ್ನೇ ನೋಡುತ್ತ ಕೂತಳು. ಮದುವೆಯಾಗಿ ಬಂದ ವರ್ಷ ಅತ್ತೆ ಕಲಿಸಿದ್ದು: ಕಾಳಿನ ಕುಡಿಕೆ, ಅಕ್ಕಿಯ ಮಡಕೆ, ಯಾವುದನ್ನೂ ಬರಿದು ಮಾಡಬೇಡ, ಒಂದಾದರೂ ಉಳಿಸು. ಎಷ್ಟೋ ಆಷಾಢಗಳು ಬಂದು ಹೋಗಿದ್ದವು. ಗಂಜಿಗೆ ಗತಿ ಇಲ್ಲದ ದಿನವೂ ಆ ಕುಡಿಕೆಯ ತಳದಲ್ಲಿ ಒಂದು ಕಾಳು ಇತ್ತು. ಚಿಪ್ಪಿನ ಮುಂದೆ ಈ ನೆನಪು ಕೈಗೆ ಬಂದಿರಲಿಲ್ಲ, ಚಿಪ್ಪು ಬರೀ ಚಿಪ್ಪು. ಮನೆಯ ಕುಡಿಕೆ ಮುಂದೆ ಬಂದ ಕೂಡಲೇ ಕೈ ತನ್ನ ಹಳೆಯ ಧಣಿಯ ಮಾತು ಕೇಳಿತ್ತು.

"ಇದೆಯಾ?" ಎಂದ ಮಾಯಿಲಪ್ಪ.

"ನಿಲ್ಲಿ" ಎಂದಳು ಚಲುವಮ್ಮ.

"ಎಂತ ಮಾರಾಯ್ತಿ, ಇದೆ ಅನ್ನು, ಇಲ್ಲ ಅನ್ನು. ನಿಲ್ಲಿ ಅಂತ ರಟ್ಟಿಲಿ ಇಲ್ಲೆ."

"ರಟ್ಟಿನಲ್ಲಿ ಇಲ್ದಿದ್ರೆ ಇಲ್ಲ. ಇದು ಜಲ್ಮ ಮುಗಿದ್ರೂ ನಿಲ್ಲಲ್ಲ, ಮಾಯಿಲಣ್ಣ. ಊದೋದು ಬಿಡು."

ಅವಳು ಸುಣ್ಣದ ಗೆರೆ ದಾಟಿ ಕುಡಿಕೆ ಹಿಡಿದುಕೊಂಡೇ ಜಗಲಿಯ ಹತ್ತಿರ ಬಂದಳು. "ಸಾಮಿ, ತಪ್ಪು ರೈಟ್ರದ್ದಲ್ಲ, ನಂದು. ನನ್ ಕೈದು. ಈ ಕುಡಿಕೇನ ನಾನು ಖಾಲಿ ಮಾಡಲ್ಲ, ಯಾವತ್ತೂ ಮಾಡಿಲ್ಲ. ಕೊನೇ ಕಾಳು ತೆಗೆದು ಅಲ್ಲೇ ಬಿಡ್ತಾ ಇದ್ದೆ. ಖಾಲಿ ಆಗದೆ ಇದು ನಿಲ್ಲಲ್ಲ. ಅದಕ್ಕೇ ಸುತ್ತುತಾ ಅದೆ."

"ಹಂಗಾದರೆ ಬೇರೆ ಪಾತ್ರೆ ತಗೋ" ಎಂದರು ಕುಟ್ಟಯ್ಯ.

"ತಗೋಬೋದು. ನಾಳೆ ಈ ಜಾಗದಲ್ಲಿ ಮುತ್ತಿ ಕೂತ್ಕೋತಾಳೆ, ಅವಳ ಮನೆ ಮಡಕೆ ಬರ್ತದೆ. ಅವಳೂ ಬರಿದು ಮಾಡೋಳಲ್ಲ. ಪಾತ್ರೆ ಎಷ್ಟು ಅಂತ ಬದಲಾಯಿಸ್ತೀರಿ? ರಟ್ಟು ಬದಲಾಯಿಸಿದ್ರೆ ಆಯ್ತಲ್ಲ."

"ಹೇಗೆ?"

ಅವಳ ಮಾತು ನಿಧಾನವಾಗಿ, ತಾನೇ ಒಂದೊಂದು ಕಾಳು ಎಣಿಸಿದಂತೆ ಬಂತು. "ಒಂದು ಕಾಳು ಅಂದ್ರೆ ಏನೂ ಇಲ್ಲ ಅಂತ ಇಟ್ಕೊಳೋದು. ಅದು ಕುಡಿಕೇದು, ಲೆಕ್ಕದ್ದಲ್ಲ. ಐದು ಸಲ ಮಾಡಬೇಕಂದ್ರೆ ಆರು ಹಾಕಿ ಶುರು ಮಾಡ್ಬೇಕು. ಮಾಯಿಲಣ್ಣ ಕೇಳಿದಾಗ ಒಂದೇ ಉಳಿದಿದ್ರೆ ನಾನು ಇಲ್ಲ ಅಂತೀನಿ. ಕುಡಿಕೇನೂ ಬರಿದಾಗಲ್ಲ, ಲೆಕ್ಕಾನೂ ನಿಲ್ತದೆ."

ಸಿದ್ದರಾಜು ಬಾಯಿ ಬಿಡಬಾರದು ಎಂಬುದನ್ನು ಮರೆತು, "ಸರಿ" ಎಂದ. ದನಿ ಅವನಿಗಷ್ಟೇ ಕೇಳಿಸುವಂತಿತ್ತು.

ಹಗ್ಗದಿಂದ ಆ ಪ್ರಶ್ನೆಯ ರಟ್ಟನ್ನು ಅವಳೇ ತೆಗೆದಳು, ತಿರುಗಿಸಿದಳು, ಒಲೆಯ ಇದ್ದಿಲಿನ ಚೂರೊಂದನ್ನು ತರಿಸಿ ಹಿಂಬದಿಯಲ್ಲಿ ಬರೆದಳು. ದೊಡ್ಡ ದೊಡ್ಡ ಅಕ್ಷರ, ಒಂದು ಮೇಲೆ ಒಂದು ಕೆಳಗೆ. ಕಲಿತಿದ್ದ ಅಕ್ಷರ ಸಾಲದ ಕಡೆ ಒಂದು ಕಾಳಿನ ಚಿತ್ರ ಬಿಡಿಸಿದಳು. ಮಾಯಿಲಪ್ಪ ಅದನ್ನು ಹಿಂದೆ ಮುಂದೆ ನೋಡಿ, "ಇದನ್ನ ನಾನು ಓದ್ತೆ" ಎಂದ, ತನಗೇ ಆಶ್ಚರ್ಯವಾದಂತೆ.

ಮತ್ತೆ ಹದಿನಾಲ್ಕು, ಐದು ಸಲ. ಬಿಳಿಯಲ್ಲಿ ಆರು ಕಾಳು. ಐದನೇ ಸುತ್ತು ಮುಗಿದಾಗ ತಳದಲ್ಲಿ ಒಂದೇ ಉಳಿದಿತ್ತು. ಚಲುವಮ್ಮ "ಇಲ್ಲ" ಎಂದಳು. ಜವರ ಏಳು ಹಲಸಿನ ಬೀಜ ಎಣಿಸಿ, ಅವರೆಕಾಳು ಹುಡುಕಿ ಹುಡುಕಿ ಸಿಗದೆ, "ಏಳು ಹಲಸು, ಅಷ್ಟೇ" ಎಂದ. ಸಂತೆಯ ಚೀಲ ಹಿಡಿದವರು ನಕ್ಕು ಜಾಗ ಖಾಲಿ ಮಾಡತೊಡಗಿದರು.

ಕುಟ್ಟಯ್ಯ ಕೂಡಲೇ ಏಳಲಿಲ್ಲ. ಪೈಪಿನ ಬೂದಿಯನ್ನು ಜಗಲಿಯ ಕಲ್ಲಿಗೆ ಕುಟ್ಟಿದರು. "ನೀವು ಹೇಳಿಕೊಟ್ಟದ್ದಾ?" ಎಂದು ಸಿದ್ದರಾಜುವನ್ನು ಕೇಳಿದರು.

"ನಿಮ್ಮ ಪಕ್ಕದಲ್ಲೇ ಇದ್ನಲ್ಲ ಸಾರ್."

"ಹೌದು, ಇದ್ದಿರಿ." ಅವರು ಕಣದ ಕಡೆ ನೋಡಿದರು. "ಪಟಾಳಮಿಲಿ ನಮಗೂ ಹೇಳ್ತಿದ್ದರು, ಯಾಕೆ ಅಂತ ಕೇಳಬೇಡ, ಮಾಡು ಅಂತ. ಮಾಡಿದ್ದೇವೆ. ನಿಲ್ಲಿಸುವವರು ಇಲ್ಲದೆ ಎಷ್ಟೋ ಸುತ್ತು ಸುತ್ತಿದ್ದೇವೆ." ಅಷ್ಟು ಹೇಳಿ ಎದ್ದರು. ಮೆಟ್ಟಿಲು ಇಳಿಯುವಾಗ, ಗೊಬ್ಬರವನ್ನು ಕಾಫಿ ಹಣ್ಣು ಸುಲಿಯುತ್ತಿದ್ದ ಹಳೇ ಪಲ್ಪರ್ ಮನೆಗೆ ಹಾಕಿಸಿ, ಸೂರು ಸೋರುವ ಕಡೆ ತಗಡು ಹೊದೆಸಿ ಎಂದರು. "ಪಿಕ್ಕಿಂಗ್ ಶುರುವಾಗುವ ತನಕ. ಆಮೇಲೆ ನೋಡುವ."

ಪಿಕ್ಕಿಂಗ್ ಶುರುವಾಗುವುದು ನವೆಂಬರಿನಲ್ಲಿ. ಚಲುವಮ್ಮ ಬೆರಳು ಮಡಿಸಿದಳು. ಚಿನ್ನಿಗೆ ಬೇಕಾದದ್ದಕ್ಕಿಂತ ಅದು ಹೆಚ್ಚೇ ಇತ್ತು.

ಎಲ್ಲರೂ ಸಂತೆಗೆ ಹೋದ ಮೇಲೆ ಅವಳು ಕಣದಲ್ಲಿ ಕೂತು ಕಾಳು ಆರಿಸುತ್ತಿದ್ದಳು. ಸಿದ್ದರಾಜು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಗೆದ್ದವನ ಹಾಗೆ ಕಾಣಲಿಲ್ಲ.

"ಚಲುವಮ್ಮ, ಕುಡಿಕೆ ಬರಿದು ಮಾಡಲ್ಲ ಅಂತ ನಂಗೆ ಮೊದ್ಲೇ ಹೇಳಬೋದಿತ್ತಲ್ಲ."

"ನೀವು ಕೇಳ್ಲಿಲ್ವಲ್ಲ ರೈಟ್ರೇ. ಏನು ಗೊತ್ತಿಲ್ಲ ಅಂತ ಕೇಳಿದ್ರಿ. ಏನು ಗೊತ್ತು ಅಂತ ಕೇಳ್ಲಿಲ್ಲ. ಅದು ಗೊತ್ತಿದೆ ಅಂತ ನಂಗೂ ಗೊತ್ತಿರ್ಲಿಲ್ಲ ಬಿಡಿ."

ಸಿದ್ದರಾಜು ಜೇಬಿನಿಂದ ನೋಟ್‌ಬುಕ್ಕು, ಕಿವಿಯ ಸಂದಿಯಿಂದ ಪೆನ್ಸಿಲ್ಲು ತೆಗೆದ.

"ಇನ್ನೇನೇನು ಮಾಡ್ತದೆ ನಿಮ್ಮ ಕೈ, ನಂಗೆ ಗೊತ್ತಿಲ್ಲದ್ದು?"

"ಈಗ್ಲೇನಾ?"

"ಈಗ್ಲೇ. ಮುಂದಿನ ರಟ್ಟು ಬರಿಯೋಕೆ ಮುಂಚೆ."

ಚಲುವಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ ಕಾಲು ಚಾಚಿ ಕೂತಳು. ಅಷ್ಟು ದಿನದಲ್ಲಿ ಅವನು ಅವಳನ್ನು ಒಂದು ವಿಷಯ ಕೇಳಿ ಬರೆದುಕೊಳ್ಳಲು ಕೂತದ್ದು ಅದೇ ಮೊದಲು. "ನಿಧಾನಕ್ಕೆ ಹೇಳ್ತೀನಿ, ಬರ್ಕೊಳ್ಳಿ" ಎಂದಳು. "ಹಾಲು ಕೊಡುವಾಗ ನಾವು ಚೊಂಬು ಒಂದೇ ಸಲಕ್ಕೆ ಬಗ್ಗಿಸಲ್ಲ..."

ಅವನು ಬರೆಯುತ್ತ ಹೋದ. ತಪ್ಪಿದ ಕಡೆ ಅವಳು ನಿಲ್ಲಿಸಿ ತಿದ್ದಿದಳು.